ಉಪ್ಪು ತಿಂದವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು

ಕೊಪ್ಪಳದಿಂದ ಹೊಸಪೇಟೆಯ ಹಾದಿ ಹಿಡಿದರೆ ಗಿಣಿಗೇರಾ ಸಿಗುತ್ತದೆ. ಅದರ ಆಸುಪಾಸಿನಲ್ಲಿ ಹಿರೇಬಗನಾಳ, ಅಲ್ಲಾನಗರ ಮೊದಲಾದ ಊರುಗಳು. ಅಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ ಒಣಹಾಕುವ ಮುನ್ನ ಹೆಣ್ಣುಮಕ್ಕಳು ತಲೆಯೆತ್ತಿ ನೋಡುವುದು ಮೋಡವನ್ನಲ್ಲ, ಚಿಮಣಿಯನ್ನು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದರ ಮೇಲೆ ಆ ದಿನದ ಬಟ್ಟೆ ಒಗೆತ, ಅಡುಗೆ, ಮಕ್ಕಳ ಆಟ ಎಲ್ಲ ನಿಂತಿದೆ. ಬೆಳಗ್ಗೆ ಅಂಗಳ ಗುಡಿಸಿದರೆ ಕಸಬರಿಗೆಗೆ ಕರಿ ಮೆತ್ತುತ್ತದೆ. ಬೆಳ್ಳಗೆ ಅರಳಬೇಕಾದ ಹತ್ತಿ ಬಿಡಿಸುವ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅಡತಿ ಅಂಗಡಿಯಲ್ಲಿ ಆ ಬಣ್ಣಕ್ಕೆ ದರ ಇಳಿಯುತ್ತದೆ. ದನಕ್ಕೆ ಹಾಕುವ ಮೇವನ್ನು ಕೊಡವಿ ಹಾಕಬೇಕು. ಕೊಡವಿದ ಕರಿ ಹೋಗುವುದು ಕೊಡವಿದವರ ಎದೆಗೇ.

ಈ ಕರಿ ಎಲ್ಲಿಯದು ಎಂಬುದು ಗುಟ್ಟೇನಲ್ಲ. ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಕಬ್ಬಿಣದ ಅದಿರನ್ನೂ ಕಲ್ಲಿದ್ದಲನ್ನೂ ಬೆರೆಸಿ, ಉದ್ದನೆಯ ತಿರುಗುವ ಕುಲುಮೆಯಲ್ಲಿ ಸಾವಿರ ಡಿಗ್ರಿಯ ಆಸುಪಾಸಿನ ಕಾವು ಕೊಟ್ಟು ಬೇಯಿಸುತ್ತಾರೆ. ಹೊರಬೀಳುವ ಹೊಗೆಯ ತುಂಬ ಇದ್ದಿಲಿನ ಪುಡಿ, ಅದಿರಿನ ಪುಡಿ. ಅದನ್ನು ಹಿಡಿಯಲು ಇಎಸ್‌ಪಿ ಎಂಬ ಯಂತ್ರವಿದೆ. ಹೊಗೆಯ ಕಣಗಳಿಗೆ ವಿದ್ಯುತ್ತಿನ ಚುರುಕು ತಾಗಿಸಿ, ತಗಡುಗಳು ಅವನ್ನು ಎಳೆದು ಅಂಟಿಸಿಕೊಳ್ಳುವಂತೆ ಮಾಡುವ ಯಂತ್ರ ಅದು. ಸರಿಯಾಗಿ ಓಡಿದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಧೂಳು ಅಲ್ಲಿಯೇ ನಿಲ್ಲುತ್ತದೆ. ಆದರೆ ಅದು ಕರೆಂಟು ತಿನ್ನುತ್ತದೆ, ರಿಪೇರಿ ಬೇಡುತ್ತದೆ, ಅದು ಹಿಡಿದಿಟ್ಟ ಧೂಳನ್ನು ಎಲ್ಲಾದರೂ ಸಾಗಿಸಿ ಹಾಕಬೇಕಾಗುತ್ತದೆ. ಆದ್ದರಿಂದ ಕೊಪ್ಪಳವಿರಲಿ, ಬಳ್ಳಾರಿಯಿರಲಿ, ಛತ್ತೀಸಗಢದ ರಾಯಗಢ, ಒಡಿಶಾದ ಸುಂದರಗಢವಿರಲಿ, ಸ್ಪಾಂಜ್ ಐರನ್ ಕಾರ್ಖಾನೆಗಳಿರುವ ಕಡೆಯಲ್ಲೆಲ್ಲ ಜನರ ದೂರು ಒಂದೇ: ಹಗಲು ಹೊಗೆ ತೆಳ್ಳಗೆ, ರಾತ್ರಿ ಹೊಗೆ ಕರ್ರಗೆ.

ಇದು ಬರೀ ಹಳ್ಳಿಗರ ಅನುಮಾನ ಎನ್ನುವವರು ನಿಯಮದ ಪುಸ್ತಕ ತೆರೆದು ನೋಡಲಿ. 2008ರಲ್ಲಿ ಕೇಂದ್ರ ಸರ್ಕಾರ ಈ ಕಾರ್ಖಾನೆಗಳಿಗೆಂದೇ ಮಾನದಂಡ ಹೊರಡಿಸಿತು. ಕಲ್ಲಿದ್ದಲು ಸುಡುವ ಕಾರ್ಖಾನೆಯ ಚಿಮಣಿಯಲ್ಲಿ ಒಂದು ಘನ ಮೀಟರ್ ಹೊಗೆಗೆ 100 ಮಿಲಿಗ್ರಾಂಗಿಂತ ಹೆಚ್ಚು ಧೂಳಿರಬಾರದು ಎಂಬುದು ಅದರ ಮಿತಿ. ಮಾಲಿನ್ಯ ತಡೆಯುವ ಯಂತ್ರಕ್ಕೆ ಬೇರೆಯೇ ಕರೆಂಟು ಮೀಟರು ಕೂರಿಸಬೇಕು, ಯಂತ್ರ ನಿಂತರೆ ನಿಂತ ಹೊತ್ತನ್ನೂ ಕಾರಣವನ್ನೂ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಟ್ಟಳೆಯೂ ಈ ಕಾರ್ಖಾನೆಗಳಿಗೆ ಇದೆ. ಕುಲುಮೆಗೆ ಇಲ್ಲದ ಪ್ರತ್ಯೇಕ ಮೀಟರು ಧೂಳಿನ ಯಂತ್ರಕ್ಕೆ ಮಾತ್ರ ಯಾಕೆ? ಕುಲುಮೆಯನ್ನು ಯಾರೂ ಕದ್ದು ಬಂದ್ ಮಾಡುವುದಿಲ್ಲ. ನಿಯಮ ಬರೆದವರಿಗೆ ಕಳ್ಳದಾರಿ ಯಾವುದೆಂದು ಚೆನ್ನಾಗಿ ಗೊತ್ತಿತ್ತು.

ಆ ಯಂತ್ರ ನಿಂತ ಒಂದೊಂದು ರಾತ್ರಿಯೂ ಯಾರಿಗೋ ಉಳಿತಾಯ. ಆ ಉಳಿತಾಯ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಹತ್ತಿಯ ಇಳಿದ ದರದಲ್ಲಿ, ಔಷಧದ ಅಂಗಡಿಯ ಚೀಟಿಯಲ್ಲಿ, ದಮ್ಮು ಹತ್ತಿ ಕೂಲಿ ತಪ್ಪಿದ ದಿನದಲ್ಲಿ ಅದು ಇನ್ನೊಬ್ಬರ ಖರ್ಚಾಗಿ ಏಳುತ್ತದೆ. ಕಂಪನಿಯ ಲೆಕ್ಕದಲ್ಲಿ ಲಾಭ ಎಂದು ಕಾಣುವ ಅಂಕಿಯ ಒಂದು ಪಾಲು ಪಕ್ಕದ ಹಳ್ಳಿಯಿಂದ ಎತ್ತಿದ ಉದ್ರಿ. ಮಾಲಿನ್ಯವೆಂದರೆ ಕೇಳದೆ ಎತ್ತಿದ, ತೀರಿಸುವ ಮನಸ್ಸಿಲ್ಲದ ಸಾಲ. ಕಿರಾಣಿ ಅಂಗಡಿಯವನು ಉದ್ರಿ ಕೊಟ್ಟರೆ ಪುಸ್ತಕದಲ್ಲಿ ಬರೆದಿಡುತ್ತಾನೆ, ಹಬ್ಬದ ಮುಂದೆ ಕೇಳುತ್ತಾನೆ. ಹಿರೇಬಗನಾಳದವರು ಕೊಟ್ಟ ಉದ್ರಿಯನ್ನು ಬರೆದಿಟ್ಟವರು ಯಾರು? ಕೇಳುವವರು ಯಾರು?

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಒಂದೇ ಸಾಲಿನ ಕಾನೂನು ಮಾಡಿಟ್ಟಿದ್ದಾರೆ. ಇಂದು ಉಪ್ಪು ತಿನ್ನುವವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು.

*

ಈ ಗಾದೆಯನ್ನು ನಮ್ಮ ಸುಪ್ರೀಂ ಕೋರ್ಟ್ ತನ್ನ ಮಾತಿನಲ್ಲಿ ಹೇಳಿ ಬಹಳ ಕಾಲವಾಯಿತು. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಭೋಪಾಲದಲ್ಲಿ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಅದರ ಮರುವರ್ಷ, ಅದೇ ಡಿಸೆಂಬರ್‌ನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. 1986ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಸಂವಿಧಾನ ಪೀಠ ಹೇಳಿದ್ದು ಇದು: ಅಪಾಯದ ಉದ್ಯಮ ನಡೆಸಿ ಲಾಭ ಮಾಡುವವರು ಅದರಿಂದ ಆದ ಹಾನಿಗೆ ಪೂರ್ತಿ ಹೊಣೆ. ನಾವು ಎಚ್ಚರವಾಗಿಯೇ ಇದ್ದೆವು ಎಂಬ ಸಬೂಬಿಗೆ ಜಾಗವಿಲ್ಲ. ಕಂಪನಿ ಎಷ್ಟು ದೊಡ್ಡದೋ ಅದು ತೆರಬೇಕಾದ ಪರಿಹಾರವೂ ಅಷ್ಟು ದೊಡ್ಡದು.

ಒಂಬತ್ತು ವರ್ಷದ ಮೇಲೆ, 1996ರ ಫೆಬ್ರವರಿಯಲ್ಲಿ, ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯ ಸರದಿ ಬಂತು. ಉದಯಪುರದ ಹತ್ತಿರದ ಈ ಊರಿನಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆ್ಯಸಿಡ್ ತಯಾರಿಸಿದ ಕಾರ್ಖಾನೆಗಳು ಸಾವಿರಾರು ಟನ್ ವಿಷದ ಕೆಸರನ್ನು ನೆಲದ ಮೇಲೆಯೇ ಸುರಿದಿದ್ದವು. ಮಳೆಯ ನೀರು ಅದನ್ನು ಕೆಳಕ್ಕೆ ಇಳಿಸಿತು. ಬಾವಿಗಳ ನೀರು ಕಡುಕಂದು ಬಣ್ಣಕ್ಕೆ ತಿರುಗಿತು. ದನ ಮೂಸದ ನೀರು, ಹೊಲಕ್ಕೆ ಬಿಟ್ಟರೆ ಬೆಳೆ ಸುಡುವ ನೀರು. ಮಲಿನ ಮಾಡಿದವರೇ ತೆರಬೇಕು, ಪರಿಹಾರ ಕೊಟ್ಟರೆ ಸಾಲದು, ನೆಲಜಲವನ್ನು ಮೊದಲಿನ ಸ್ಥಿತಿಗೆ ತರುವ ಖರ್ಚನ್ನೂ ಹೊರಬೇಕು ಎಂದು ಕೋರ್ಟ್ ತೀರ್ಪಿತ್ತಿತು. ಲೆಕ್ಕ 37 ಕೋಟಿ ರೂಪಾಯಿ ದಾಟಿತು.

ಆಮೇಲೆ ನಡೆದದ್ದನ್ನು ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಕಲಿಯಬೇಕು. ಕಂಪನಿ ದುಡ್ಡು ಕಟ್ಟಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿತು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಸಿಡುಕಿ, ವರ್ಷಕ್ಕೆ ನೂರಕ್ಕೆ 12ರಂತೆ ಚಕ್ರಬಡ್ಡಿ ಸೇರಿಸಿ ಕಟ್ಟು ಎಂದಿತು. ಮೊಕದ್ದಮೆ ಹೂಡಿದ್ದು 1989ರಲ್ಲಿ. ಇಪ್ಪತ್ತೆರಡು ವರ್ಷ. ಕೇಸು ಹಾಕಿದಾಗ ತೊಟ್ಟಿಲಲ್ಲಿದ್ದ ಕೂಸು ಮದುವೆಯ ವಯಸ್ಸಿಗೆ ಬಂದಿತ್ತು. ಗೆದ್ದ ಹಳ್ಳಿಗೂ ನ್ಯಾಯ ಇಷ್ಟು ತಡವಾಗಿ ತಲುಪುವುದಾದರೆ, ಸಾಲಗಾರನಿಗೆ ತಡವೇ ಒಂದು ಲಾಭ. ಅವನು ಸೋಲುವುದಕ್ಕೆ ಹೆದರುವುದಿಲ್ಲ, ಬೇಗ ಸೋಲುವುದಕ್ಕೆ ಮಾತ್ರ ಹೆದರುತ್ತಾನೆ.

*

ಕೋರ್ಟಿನ ಬಾಗಿಲಿಗೆ ಇಂಥ ಪ್ರಶ್ನೆಗಳನ್ನು ಹೊತ್ತು ಒಯ್ದವರು ನಮ್ಮ ನೆಲದಲ್ಲೂ ಇದ್ದಾರೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನ್ ನೂಲಿಗೆ ಬೇಕಾದ ಮರದ ತಿರುಳನ್ನು ತೆಗೆಯಲು ಶುರುಮಾಡಿತು. ನೀರು ಎತ್ತಿದ್ದು ತುಂಗಭದ್ರೆಯಿಂದ, ಕೊಳೆ ಬಿಟ್ಟದ್ದೂ ತುಂಗಭದ್ರೆಗೆ. 1984ರಲ್ಲಿ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಮೀನು ಹಿಡಿದು ಬದುಕುವವರು, ದಡದ ಹಳ್ಳಿಗಳ ರೈತರು ದನಿಯೆತ್ತಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠ ಮತ್ತು ಅವರ ಸಂಗಾತಿಗಳು, ಈ ಹೋರಾಟದ ಬೆನ್ನಿಗೆ ನಿಂತರು.

ಕಾರ್ಖಾನೆಗೆ ಮರ ಬೇಕಿತ್ತು. ಅದಕ್ಕಾಗಿ ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಕಟ್ಟಿ, ಹಳ್ಳಿಗಳ ಗೋಮಾಳ, ಸೊಪ್ಪಿನ ಬೆಟ್ಟಗಳಂಥ ಸಾರ್ವಜನಿಕ ನೆಲದಲ್ಲಿ ಸುಮಾರು 75,000 ಎಕರೆಯನ್ನು ನೀಲಗಿರಿ ಬೆಳೆಸಲೆಂದು ಅದಕ್ಕೆ ಒಪ್ಪಿಸಲು ಹೊರಟವು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಬೈಗುಳವಿಲ್ಲ, ಕಲ್ಲಿಲ್ಲ. ನೀಲಗಿರಿಯ ಸಸಿ ಕಿತ್ತರು, ತಮಗೆ ಬೇಕಾದ ಹಣ್ಣು, ಮೇವಿನ ಸಸಿ ನೆಟ್ಟರು. ಕಿತ್ತಿಕೋ–ಹಚ್ಚಿಕೋ ಎಂದು ಆ ಸತ್ಯಾಗ್ರಹಕ್ಕೆ ಹೆಸರಾಯಿತು. ಆ ನೆಲದ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಪಲ್ಪ್‌ವುಡ್ಸ್ ಬಾಗಿಲು ಮುಚ್ಚಿತು.

ಸತ್ತ ಮೀನು ಹಿಡಿದುಕೊಂಡು ಹೊರಟ ಅದೇ ಸಂಘಟನೆ 2009ರಲ್ಲಿ ಬಳ್ಳಾರಿಯ ಗಣಿಗಳ ಪ್ರಶ್ನೆ ಹೊತ್ತು ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ನಾಡಿನ ಮುಂದೆ ಕನ್ನಡಿ ಹಿಡಿದ 2011ರ ಜುಲೈನಲ್ಲೇ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು. ಗಣಿ ಗುತ್ತಿಗೆಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್‌ನಲ್ಲಿ ಅತಿ ಕೆಟ್ಟದ್ದೆಂದು ಕಂಡ ಸಿ ದರ್ಜೆಯ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ಬಿ ದರ್ಜೆಯವರು ಗಡಿ ಮೀರಿ ಅಗೆದ ಒಂದೊಂದು ಹೆಕ್ಟೇರ್‌ಗೂ 5 ಕೋಟಿ ರೂಪಾಯಿ ತೆರಬೇಕಾಯಿತು. ಮಾರಿದ ಅದಿರಿನ ಹಣದಲ್ಲಿ ಒಂದು ಪಾಲನ್ನು ಗಾಯಗೊಂಡ ನೆಲಕ್ಕೆಂದು ಎತ್ತಿಡಲಾಯಿತು. ಇಷ್ಟು ಕಟ್ಟುನಿಟ್ಟಾಗಿ, ಇಷ್ಟು ದೊಡ್ಡ ಪ್ರಮಾಣದಲ್ಲಿ ಉಪ್ಪು ತಿಂದವರಿಗೆ ನೀರು ಕುಡಿಸಿದ ಉದಾಹರಣೆ ದೇಶದಲ್ಲಿ ಕಡಿಮೆ. ಅದು ನಮ್ಮ ಜನ ನಡೆಸಿದ್ದು, ನಮ್ಮ ನೆಲದಲ್ಲಿ ನಡೆದದ್ದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹಣ ಖರ್ಚು ಮಾಡಲೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸಾವಿರಾರು ಕೋಟಿ ರೂಪಾಯಿ ಬ್ಯಾಂಕಿನಲ್ಲಿ ಸೇರುತ್ತ ಹೋಯಿತು, ಬಡ್ಡಿಯೂ ಸೇರಿತು. ಯೋಜನೆಗಳು ಕಾಗದದ ಮೇಲೆ ಓಡಾಡಿದವು. 2022ರಲ್ಲಿ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿ ಅವರನ್ನು ಉಸ್ತುವಾರಿಗೆ ನೇಮಿಸಬೇಕಾಯಿತು. ಸಂಡೂರಿನ ಗುಡ್ಡ ಕರಗಿದ್ದು ಕೆಲವೇ ವರ್ಷಗಳಲ್ಲಿ. ಆ ಗಾಯಕ್ಕೆಂದು ಬಂದ ದುಡ್ಡು ಗಾಯ ತಲುಪಲು ದಶಕ ಸಾಲಲಿಲ್ಲ. ಕೆಂಧೂಳು ಕುಡಿದ ಹೊಲದ ರೈತನಿಗೆ, ಗಣಿಯಲ್ಲಿ ಅದಿರು ಆರಿಸಿ ಶಾಲೆ ಬಿಟ್ಟ ಹುಡುಗಿಗೆ ಬ್ಯಾಂಕಿನ ಬಡ್ಡಿಯಿಂದ ಏನು ಬಂತು? ದಂಡ ವಸೂಲಿಯಾದರೆ ನ್ಯಾಯ ಮುಗಿಯಿತು ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ. ಹಳ್ಳದಲ್ಲಿ ಮತ್ತೆ ತಿಳಿನೀರು ಹರಿದ ದಿನ ಮಾತ್ರ ಆ ಖಾತೆ ಮುಚ್ಚಬೇಕು.

*

ಹೊಣೆ ಬಿಗಿಯಬೇಕಾದ ಹೊತ್ತಿನಲ್ಲಿ ಕಾನೂನು ಹಗ್ಗ ಸಡಿಲ ಬಿಟ್ಟಿದೆ. ಭೋಪಾಲದ ಹೆಣಗಳು ಬಿದ್ದ ಮೇಲೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪಿತಸ್ಥರಿಗೆ ಐದು ವರ್ಷದವರೆಗೆ ಜೈಲು ಎಂದಿತ್ತು. 2023ರ ಜನವಿಶ್ವಾಸ ತಿದ್ದುಪಡಿ ಕಾಯ್ದೆ ಅದನ್ನು ಅಳಿಸಿ, 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಎಂದು ಬರೆಯಿತು. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ತಪ್ಪು ಮುಂದುವರಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ಹೆಚ್ಚುವರಿ ದಂಡ.

ಜೈಲಿನ ಭಯ ಹಿಂದೆಯೂ ಕಾಗದದ ಮೇಲೆಯೇ ಇತ್ತು, ಈ ಕಾಯ್ದೆಯಡಿ ಕಂಬಿ ಎಣಿಸಿದ ಮಾಲೀಕರು ಎಷ್ಟು ಜನ ಎಂದು ಯಾರಾದರೂ ಕೇಳಬಹುದು. ಕೋರ್ಟಿನಲ್ಲಿ ಕೊಳೆಯುವ ಕ್ರಿಮಿನಲ್ ಕೇಸಿಗಿಂತ ಬೇಗ ಬೀಳುವ ದಂಡ ಮೇಲು ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ದಂಡದ ಅಳತೆ ನೋಡಿ. ಸಾವಿರಾರು ಕೋಟಿ ಹೂಡಿದ ಕಾರ್ಖಾನೆಗೆ 15 ಲಕ್ಷವೆಂದರೆ ಆಫೀಸಿನ ಚಹಾ-ತಿಂಡಿಯ ಬಾಬತ್ತು. ದಿನಕ್ಕೆ ಹತ್ತು ಸಾವಿರ ಕಟ್ಟಿ ಮಲಿನ ಮಾಡುವುದು ಅಗ್ಗವೋ, ಯಂತ್ರ ಓಡಿಸಿ ಕರೆಂಟು ಬಿಲ್ಲು ಕಟ್ಟುವುದು ಅಗ್ಗವೋ ಎಂದು ಒಬ್ಬ ಲೆಕ್ಕಿಗ ಕೂತು ಕೂಡಿಸಿ ಕಳೆದರೆ ಸಾಕು, ನೀತಿ ಅನೀತಿಯ ಮಾತೇ ಏಳುವುದಿಲ್ಲ. ಮಲಿನ ಮಾಡಿದವರು ತೆರಬೇಕು ಎಂಬ ಸೂತ್ರ ಸದ್ದಿಲ್ಲದೆ ಮಗ್ಗುಲು ಬದಲಿಸಿ, ತೆತ್ತವರು ಮಲಿನ ಮಾಡಬಹುದು ಎಂದಾಗಿದೆ. ದಂಡವು ಬಾಡಿಗೆಯಾಗಿದೆ. ನಮ್ಮ ಎದೆಗೂಡಿನ ಬಾಡಿಗೆಯನ್ನು ನಮ್ಮನ್ನು ಕೇಳದೆ ಬೇರೆಯವರು ಗೊತ್ತು ಮಾಡಿದ್ದಾರೆ.

ಆದರೂ ಅಧಿಕಾರಿಗಳು ಕೈ ಕಟ್ಟಿದೆ ಎಂದು ನೆಪ ಹೇಳುವಂತಿಲ್ಲ. ನೀರಿನ ಕಾಯ್ದೆಯ 33ಎ, ಗಾಳಿಯ ಕಾಯ್ದೆಯ 31ಎ ಕಲಮುಗಳಡಿ ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆ ಮುಚ್ಚಿಸಬಹುದು, ಕರೆಂಟು, ನೀರು ಕಡಿಸಬಹುದು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಹಾನಿ ಸರಿಪಡಿಸುವ ವೆಚ್ಚವನ್ನು ವಸೂಲು ಮಾಡುವ ಅಧಿಕಾರವೂ ಇದೇ ಕಲಮುಗಳಡಿ ಮಂಡಳಿಗಳಿಗೆ ಇದೆ ಎಂದು ಸ್ಪಷ್ಟಪಡಿಸಿತು. ಕತ್ತಿ ಮಂಡಳಿಯ ಕೈಯಲ್ಲೇ ಇದೆ, ಒರೆಯಿಂದ ಹೊರಬರುತ್ತಿಲ್ಲ.

*

2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಊರಿಗೆ ಹೊಂದಿಕೊಂಡಂತೆ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಬರುತ್ತದೆಂಬ ಘೋಷಣೆಯ ಬೆನ್ನಿಗೇ ಜನ ಬೀದಿಗಿಳಿದರು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ಪಕ್ಷ, ಜಾತಿ ಬದಿಗಿಟ್ಟು ಸೇರಿದ ಜನಸಾಗರ ಅದು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಸೂಚಿಸಿದರು. ಬಾಯಿಮಾತಿನ ಸೂಚನೆ ಎಷ್ಟು ದಿನ ನಿಲ್ಲುತ್ತದೆ ಎಂಬ ಅಳುಕು ಅಲ್ಲಿಯ ಜನರಲ್ಲಿ ಉಳಿದೇ ಇದೆ.

ಅಂದು ಬೀದಿಗೆ ಬಂದವರಿಗೆ ಎದುರಾದ ಪ್ರಶ್ನೆ ಹೊಸದಲ್ಲ: ನಿಮಗೆ ಕೆಲಸ ಬೇಡವೇ? ಬರಗಾಲದ ನಾಡಿದು, ಗುಳೆ ಹೋಗುವ ನಾಡಿದು. ಕಲ್ಯಾಣ ಕರ್ನಾಟಕದ ತಾಯಿಗೆ ಮಗ ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗದೆ ಊರ ಹತ್ತಿರವೇ ಇರಲಿ ಎಂಬ ಆಸೆ ಇಲ್ಲದಿರುತ್ತದೆಯೇ? ಈ ಆಸೆಯನ್ನು ಹಗುರಾಗಿ ಕಾಣುವ ಪರಿಸರವಾದ ನನಗೆ ಬೇಡ. ಆದರೆ ಕೆಲಸವೋ ಉಸಿರೋ ಎಂದು ಕೇಳುವ ಪ್ರಶ್ನೆಯಲ್ಲೇ ಮೋಸವಿದೆ. ಧೂಳು ಹಿಡಿಯುವ ಯಂತ್ರ ರಾತ್ರಿಯೂ ಓಡಿದರೆ ಯಾರ ಕೆಲಸವೂ ಹೋಗುವುದಿಲ್ಲ. ಅದನ್ನು ನೋಡಿಕೊಳ್ಳಲು ಇನ್ನಿಬ್ಬರಿಗೆ ಕೆಲಸ ಹುಟ್ಟುತ್ತದೆ. ಕೊಳೆನೀರು ಶುದ್ಧಗೊಳಿಸುವ ಘಟಕ ನಿಂತರೆ ಉಳಿಯುವುದು ಕೂಲಿಯವನ ಕೂಲಿಯಲ್ಲ, ಮಾಲೀಕನ ಕಾಸು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಆ ಕರಿ ನುಂಗುವುದು ಕುಲುಮೆಯ ಪಕ್ಕ ನಿಂತ ಕಾರ್ಮಿಕನೇ. ಬಿಹಾರದಿಂದಲೋ ಒಡಿಶಾದಿಂದಲೋ ಗುತ್ತಿಗೆಯ ಮೇಲೆ ಬಂದವನಾದರೆ ಅವನು ಕೆಮ್ಮಿಕೊಂಡು ಊರಿಗೆ ಮರಳುತ್ತಾನೆ, ಅವನ ಕೆಮ್ಮು ನಮ್ಮ ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ.

ಇದು ಕೊಪ್ಪಳದ ದೂರು ಎಂದು ಬೆಂಗಳೂರಿನವರು ಪುಟ ತಿರುಗಿಸಬೇಡಿ. ಬಸವನಗುಡಿಯ ಹತ್ತಿರ ಹುಟ್ಟಿದ ವೃಷಭಾವತಿ ನಿಮ್ಮ ಬಚ್ಚಲಿನ ನೀರನ್ನೂ ಪೀಣ್ಯದ ಕೈಗಾರಿಕೆಗಳ ಕೊಳೆಯನ್ನೂ ಹೊತ್ತು ಬೈರಮಂಗಲದ ಕೆರೆ ಸೇರುತ್ತದೆ, ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. ಆ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿ ಮತ್ತೆ ನಿಮ್ಮ ಮಾರುಕಟ್ಟೆಗೇ ಬರುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ, ಕೆರೆಗೆ ಬೆಂಕಿ ಬಿದ್ದಾಗ ಜಗತ್ತೇ ನೋಡಿತು. ನಿಮ್ಮ ಹೊಸ ಮನೆಯ ಕಂಬದೊಳಗಿನ ಕಬ್ಬಿಣದ ಸರಳು ಯಾವ ಊರಿನ ರಾತ್ರಿಯನ್ನು ಕರಿ ಮಾಡಿ ಬಂತು ಎಂದು ಗೃಹಪ್ರವೇಶದ ದಿನ ಯಾರೂ ಕೇಳುವುದಿಲ್ಲ. ಕೇಳಿದರೆ ತಪ್ಪೇನಿಲ್ಲ.

*

ಈಗ ಒಬ್ಬೊಬ್ಬರನ್ನೇ ಹೆಸರಿಲ್ಲದೆ ಕರೆಯುತ್ತೇನೆ. ಓಗೊಡುವುದು ನಿಮಗೆ ಬಿಟ್ಟದ್ದು.

ಕಾರ್ಖಾನೆಯ ಇಂಜಿನಿಯರ್ ತಮ್ಮಾ, ರಾತ್ರಿ ಪಾಳಿಯಲ್ಲಿ ಯಂತ್ರದ ಗುಂಡಿ ಒತ್ತುವವನು ನೀನು. ಮೇಲಿನವರ ಫೋನು ಬಂತೆಂದು ಬಂದ್ ಮಾಡುತ್ತೀಯ, ಬೆಳಗ್ಗೆ ಪುಸ್ತಕದಲ್ಲಿ ಓಡಿತು ಎಂದು ಬರೆಯುತ್ತೀಯ. ನೌಕರಿ ಹೋಗುವ ಭಯ ನನಗೆ ಅರ್ಥವಾಗುತ್ತದೆ. ಕನಿಷ್ಠ ಸುಳ್ಳು ಬರೆಯಬೇಡ. ನಿಂತದ್ದನ್ನು ನಿಂತಿತು ಎಂದು ಬರೆ. ನಾಳೆ ಆ ಸಾಲು ಒಂದು ಹಳ್ಳಿಯ ಕೈಯಲ್ಲಿ ಸಾಕ್ಷಿಯಾಗುತ್ತದೆ.

ಮಂಡಳಿಯ ಅಧಿಕಾರಿಗಳೇ, ತಪಾಸಣೆಗೆ ಹಗಲು ಹನ್ನೊಂದಕ್ಕೆ, ಮುಂಚೆಯೇ ತಿಳಿಸಿ ಹೋಗುವುದು ಬೀಗರ ಮನೆಗೆ ಹೋದ ಹಾಗೆ. ಕಳ್ಳ ಬರುವ ಹೊತ್ತಿಗೆ ಕಾವಲುಗಾರನೂ ಎದ್ದಿರಬೇಕು. ರಾತ್ರಿ ಎರಡಕ್ಕೆ ಹೋಗಿ.

ವೈದ್ಯರೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಮ್ಮು, ದಮ್ಮು ಎಂದು ಬರೆದು ಗುಳಿಗೆ ಕೊಟ್ಟು ಕಳಿಸುತ್ತೀರಿ. ಯಾವ ಊರಿನವರು, ಕಾರ್ಖಾನೆಯಿಂದ ಎಷ್ಟು ದೂರ ಎಂಬ ಎರಡು ಸಾಲನ್ನೂ ಬರೆದಿಡಿ. ರೋಗದ ಲೆಕ್ಕ ಇಲ್ಲದ ಊರಿಗೆ ಕೋರ್ಟಿನಲ್ಲಿ ಬಾಯಿಯೇ ಇರುವುದಿಲ್ಲ.

ಪತ್ರಕರ್ತ ಮಿತ್ರರೇ, ಬಂಡವಾಳ ಹೂಡಿಕೆಯ ಸುದ್ದಿ ಮೊದಲ ಪುಟದಲ್ಲಿ, ಹಳ್ಳಿಯ ದೂರು ಜಿಲ್ಲಾ ಪುಟದ ಮೂಲೆಯಲ್ಲಿ. ಈ ಜಾಗಗಳನ್ನು ಒಂದು ದಿನವಾದರೂ ಅದಲು ಬದಲು ಮಾಡಿ.

ರಾಜಕಾರಣಿಗಳೇ, ವಿರೋಧ ಪಕ್ಷದಲ್ಲಿದ್ದಾಗ ಧರಣಿಯ ಪೆಂಡಾಲಿನಲ್ಲಿ ಕೂತವರು ಅಧಿಕಾರ ಬಂದ ಮೇಲೆ ಹೂಡಿಕೆದಾರರ ಪಂಕ್ತಿಯಲ್ಲಿ ಕೂರುವುದನ್ನು ಜನ ಎರಡೂ ಕಡೆಯಿಂದ ನೋಡಿದ್ದಾರೆ.

ಉದ್ಯಮಿಗಳೇ, ನಿಮಗೆ ಹೇಳಲು ನನ್ನ ಹತ್ತಿರ ಕೊಪ್ಪಳದ್ದೇ ಒಂದು ಮಾತಿದೆ. ಆ ಊರಿನ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳ ಬಂಡೆಯ ಮೇಲೆ ಅಶೋಕನ ಶಾಸನಗಳಿವೆ. ಅದೇ ಅರಸ ಬೇರೆ ಬಂಡೆಗಳ ಮೇಲೆ ಕಳಿಂಗ ಯುದ್ಧದ ಲೆಕ್ಕ ಬರೆಸಿದ್ದಾನೆ: ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದೆ, ನನಗೆ ಪಶ್ಚಾತ್ತಾಪವಾಗಿದೆ ಎಂದು. ಯಾವ ಕೋರ್ಟೂ ಕೇಳಿರಲಿಲ್ಲ, ಯಾವ ಮಂಡಳಿಯೂ ನೋಟಿಸು ಕೊಟ್ಟಿರಲಿಲ್ಲ. ಗೆದ್ದವನೇ ತಾನು ಮಾಡಿದ ಹಾನಿಯ ಅಂಕಿಸಂಖ್ಯೆಯನ್ನು ಎಲ್ಲರೂ ಓದುವಂತೆ, ಅಳಿಸಲಾಗದಂತೆ ಕಲ್ಲಿನ ಮೇಲೆ ಕೆತ್ತಿಸಿದ. ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿಗೆ ಇದ್ದ ಎದೆಗಾರಿಕೆ ನಿಮಗೂ ಬರಲಿ. ಕಲ್ಲು ಬೇಡ, ನಿಮ್ಮ ಕಾರ್ಖಾನೆಯ ಗೇಟಿನ ಮೇಲೆ ಒಂದು ಹಲಗೆ ಸಾಕು. ನಿನ್ನೆ ರಾತ್ರಿ ನಮ್ಮ ಚಿಮಣಿಯಿಂದ ಇಷ್ಟು ಧೂಳು ಹೋಯಿತು, ಧೂಳಿನ ಯಂತ್ರ ಇಷ್ಟು ಗಂಟೆ ಓಡಿತು ಎಂದು ದಿನವೂ ಬರೆಯಿರಿ, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ.

*

ನಾವು ಕೇಳಬೇಕಾದದ್ದು ಬೆಟ್ಟದಷ್ಟಿಲ್ಲ. ಮಾಲಿನ್ಯ ತಡೆಯುವ ಯಂತ್ರಗಳ ಮೀಟರಿನ ಲೆಕ್ಕ ಎಲ್ಲರಿಗೂ ಕಾಣುವಂತೆ ದಿನದಿನವೂ ಪ್ರಕಟವಾಗಲಿ. ದಂಡದ ಅಳತೆ ಕಾರ್ಖಾನೆ ಉಳಿಸಿದ ಕಾಸಿಗಿಂತ, ಹಳ್ಳಿ ಕಳೆದುಕೊಂಡದ್ದಕ್ಕಿಂತ ಹೆಚ್ಚಿರಲಿ. ವಸೂಲಾದ ಹಣ ಬೆಂಗಳೂರಿನ ಖಾತೆಯಲ್ಲಿ ಬಡ್ಡಿ ಹಾಕಿಕೊಂಡು ಕೂರದೆ, ಹಾನಿಯಾದ ಊರಿನ ಗ್ರಾಮಸಭೆಯ ಕಣ್ಣೆದುರು ಖರ್ಚಾಗಲಿ. ಹಳೆಯ ಸಾಲ ತೀರಿಸದವರಿಗೆ ವಿಸ್ತರಣೆಯ ಹೊಸ ಅನುಮತಿ ಬೇಡ. ಉದ್ರಿ ತೀರಿಸದವನಿಗೆ ಕಿರಾಣಿ ಅಂಗಡಿಯವನೂ ಮತ್ತೆ ಸಕ್ಕರೆ ಕೊಡುವುದಿಲ್ಲ.

ಇದನ್ನು ಕೇಳುವ ದಾರಿಗಳೂ ನಮ್ಮ ಕೈಯಲ್ಲೇ ಇವೆ. 2006ರ ಅಧಿಸೂಚನೆಯಂತೆ ದೊಡ್ಡ ಕಾರ್ಖಾನೆಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಮೂವತ್ತು ದಿನ ಮೊದಲೇ ಪ್ರಕಟಣೆ ಬರುತ್ತದೆ. ಅಂದು ಹೊಲದ ಕೆಲಸ ಬಿಟ್ಟಾದರೂ ಹೋಗಿ. ಮಾತು ಬರದಿದ್ದರೆ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. 2010ರ ಕಾಯ್ದೆಯಿಂದ ಹುಟ್ಟಿದ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರಕ್ಕೆ ಐದು ವರ್ಷದೊಳಗೆ ಅರ್ಜಿ ಹಾಕಬಹುದು. ಅದಕ್ಕೆ ಸಾಕ್ಷಿ ಬೇಕು. ಕರಿ ಮೆತ್ತಿದ ಹತ್ತಿಯ ಫೋಟೊ ತೆಗೆದಿಡಿ, ಅಡತಿ ಅಂಗಡಿಯ ಪಟ್ಟಿ, ಔಷಧದ ಚೀಟಿ ಹರಿಯದೆ ಇಟ್ಟುಕೊಳ್ಳಿ. ಒಂದು ಹಳೆಯ ನೋಟುಬುಕ್ಕು ತೆಗೆದು, ಇಂಥ ದಿನ, ಇಂಥ ಹೊತ್ತು, ಹೊಗೆ ಕರ್ರಗಿತ್ತು ಎಂದು ಬರೆಯಲು ಶಾಲೆಗೆ ಹೋಗುವ ಮಗಳಿಗೆ ಹೇಳಿ. ನಮ್ಮ ಉದ್ರಿ ಪುಸ್ತಕ ಅಲ್ಲಿಂದ ಶುರುವಾಗಲಿ.

ಇಷ್ಟೆಲ್ಲ ಆಗದು ಎನ್ನುವವರು ಒಂದೇ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಬರೆಯಿರಿ: ನಮ್ಮೂರ ಪಕ್ಕದ ಕಾರ್ಖಾನೆಯ ಧೂಳು ಹಿಡಿಯುವ ಯಂತ್ರದ ಮೀಟರು ಕಳೆದ ತಿಂಗಳು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಎಷ್ಟು ಓಡಿದೆ? ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಈ ಪ್ರಶ್ನೆಗೆ ಇಪ್ಪತ್ತು ಪದ ಸಾಕು. ಶುಲ್ಕ 10 ರೂಪಾಯಿ. ಉತ್ತರ ಕೊಡಲು ಅವರಿಗೆ 30 ದಿನ.